ಟೆಕ್ಸಾಸಿನ ಹಳ್ಳಿಗಾಡಿನಲ್ಲಿ ಕೊಳ್ಳುವ ವಿದ್ಯೆ



ಅಮೆರಿಕದ ಟೆಕ್ಸಾಸ್ ರಾಜ್ಯ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕುದುರೆಯೇರಿದ ದನಗಾಹಿ, ಎಣ್ಣೆಬಾವಿ, ಹ್ಯೂಸ್ಟನ್ನಿನ ಬಾಹ್ಯಾಕಾಶ ಕೇಂದ್ರ. ಇವೆಲ್ಲ ಸಿನಿಮಾ ಮತ್ತು ಟಿ.ವಿ. ನಮಗೆ ಕೊಟ್ಟ ಚಿತ್ರಗಳು. ಚಿತ್ರಗಳನ್ನು ಕಟ್ಟುವುದೇ ನನ್ನ ಉದ್ಯೋಗವಾದ್ದರಿಂದ ಒಂದು ಮಾತು ನನಗೆ ಚೆನ್ನಾಗಿ ಗೊತ್ತು: ಚೌಕಟ್ಟಿನ ಒಳಗೆ ಬಂದದ್ದಕ್ಕಿಂತ ಹೊರಗೆ ಉಳಿದದ್ದು ಯಾವಾಗಲೂ ಹೆಚ್ಚು. ಹಾಗೆ ಹೊರಗೆ ಉಳಿದ ಟೆಕ್ಸಾಸ್ ಒಂದಿದೆ. ಅಲ್ಲಿ ಹೆದ್ದಾರಿಯ ಪಕ್ಕ ಹಣ್ಣಿನ ಬುಟ್ಟಿ ಜೋಡಿಸಿಟ್ಟ ರೈತರಿದ್ದಾರೆ. ಕೌದಿ ಹೊಲಿಯುವ ಹೆಂಗಸರಿದ್ದಾರೆ. ಮಣ್ಣಿನ ಪಾತ್ರೆ, ಚರ್ಮದ ಜೀನು, ಪೈನ್ ಮರದ ಎಲೆಯ ಬುಟ್ಟಿ ಮಾಡುವವರಿದ್ದಾರೆ. ಅವರ ಬಳಿ ಹೋಗಿ ಏನನ್ನಾದರೂ ಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಕೊಳ್ಳುವುದಕ್ಕೂ ಒಂದು ಭಾಷಣ ಬೇಕೆ ಎಂದು ನೀವು ನಗಬಹುದು. ದುಡ್ಡು ಕೊಟ್ಟರೆ ಆಯಿತಲ್ಲ! ಆದರೆ ನಮ್ಮ ಕೈಯಿಂದ ಹೋದ ದುಡ್ಡು ಯಾರ ಕೈ ಸೇರುತ್ತದೆ, ಅದಕ್ಕೆ ಪ್ರತಿಯಾಗಿ ನಮಗೆ ಬಂದದ್ದು ನಿಜವಾಗಿ ಏನು ಎಂಬ ಎರಡು ಪ್ರಶ್ನೆ ಹಾಕಿಕೊಂಡರೆ ಸಾಕು, ಕೊಳ್ಳುವುದೂ ಒಂದು ವಿದ್ಯೆ ಎಂಬುದು ಹೊಳೆಯುತ್ತದೆ. ನಿಮ್ಮಲ್ಲಿ ಕೆಲವರು ಮುಂದೆ ಓದಲೆಂದು ಆ ರಾಜ್ಯದ ವಿಶ್ವವಿದ್ಯಾಲಯಗಳಿಗೇ ಹೋಗಬಹುದು. ಹೋಗದವರಿಗೂ ಈ ವಿದ್ಯೆ ವ್ಯರ್ಥವಾಗದು.

ಲೆಕ್ಕದಿಂದ ಆರಂಭಿಸೋಣ

ಟೆಕ್ಸಾಸಿನ ವಿಸ್ತೀರ್ಣ ಸುಮಾರು 6.95 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದಂಥ ಮೂರೂವರೆ ರಾಜ್ಯಗಳು ಅದರಲ್ಲಿ ಹಿಡಿಸುತ್ತವೆ. ಆಡಳಿತಕ್ಕಾಗಿ ಅದನ್ನು 254 ಕೌಂಟಿಗಳಾಗಿ ವಿಂಗಡಿಸಿದ್ದಾರೆ. 2022ರ ಕೃಷಿ ಗಣತಿಯಂತೆ ಅಲ್ಲಿದ್ದ ಕೃಷಿ ಹಿಡುವಳಿಗಳು 2,30,662. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಆದರೆ ಅದಕ್ಕೆ ಐದು ವರ್ಷ ಹಿಂದೆ, 2017ರ ಗಣತಿಯಲ್ಲಿ, ಈ ಸಂಖ್ಯೆ 2,48,416 ಆಗಿತ್ತು. ಕಳೆದು ನೋಡಿ: ಐದು ವರ್ಷಗಳಲ್ಲಿ ಹದಿನೇಳು ಸಾವಿರಕ್ಕೂ ಮೀರಿ ಹಿಡುವಳಿಗಳು ಪಟ್ಟಿಯಿಂದ ಅಳಿಸಿಹೋದವು. ನಗರಗಳು ಬೆಳೆದು ಹೊಲವನ್ನು ನುಂಗುವುದು, ಮಳೆಯಿಲ್ಲದ ವರ್ಷಗಳು, ಏರುವ ಖರ್ಚು, ಮುಂದಿನ ತಲೆಮಾರು ಊರು ಬಿಡುವುದು, ಈ ಕಾರಣಗಳು ನಮಗೆ ಅಪರಿಚಿತವೇನಲ್ಲ.

ಇನ್ನೊಂದು ಲೆಕ್ಕ. ಅಮೆರಿಕದ ಕೃಷಿ ಇಲಾಖೆ ಪ್ರತಿವರ್ಷ ಒಂದು ಹಿಸ್ಸೆಯ ಲೆಕ್ಕ ಹಾಕುತ್ತದೆ. ಗ್ರಾಹಕ ಆ ದೇಶದಲ್ಲೇ ಬೆಳೆದ ಆಹಾರಕ್ಕಾಗಿ ಕೊಟ್ಟ ಒಂದು ಡಾಲರಿನಲ್ಲಿ, ಅಂದರೆ 100 ಸೆಂಟಿನಲ್ಲಿ, ಬೆಳೆದವನ ಪಾಲೆಷ್ಟು? 2022ರಲ್ಲಿ ಅದು ಸುಮಾರು 15 ಸೆಂಟ್. ಉಳಿದ 85 ಸೆಂಟ್ ಸಂಸ್ಕರಣೆ, ಡಬ್ಬಿ, ಸಾಗಣೆ, ಅಂಗಡಿ, ಹೋಟೆಲು, ಜಾಹೀರಾತು ಇತ್ಯಾದಿಗಳಿಗೆ ಹೋಯಿತು. ಇದರಲ್ಲಿ ಮೋಸವೇನೂ ಇಲ್ಲ, ಅವರದೂ ದುಡಿಮೆಯೇ. ಆದರೆ ಅದೇ ರೈತ ತಾನೇ ರಸ್ತೆಬದಿಗೆ ಬಂದು ಮಾರಿದಾಗ ನೂರಕ್ಕೆ ನೂರು ಸೆಂಟ್ ಅವನ ಕೈಗೆ ಬರುತ್ತದೆ. ಅದರಲ್ಲಿ ಡೀಸೆಲ್, ಬುಟ್ಟಿ, ಮಂಜುಗಡ್ಡೆ, ಇಡೀ ದಿನ ಬಿಸಿಲಲ್ಲಿ ನಿಂತ ಕೂಲಿ ಎಲ್ಲವನ್ನೂ ಅವನೇ ಭರಿಸಬೇಕು. ಹೀಗಾಗಿ ರಸ್ತೆಬದಿಯ ಹಣ್ಣು ದೊಡ್ಡ ಅಂಗಡಿಯ ಹಣ್ಣಿಗಿಂತ ಅಗ್ಗವಾಗಿಯೇ ಇರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಅಲ್ಲಿ ನಿಮಗೆ ಸಿಗುವ ಲಾಭ ಬೇರೆಯದು: ಬೆಳೆದವನೇ ಎದುರಿಗಿದ್ದಾನೆ, ಪ್ರಶ್ನೆ ಕೇಳಬಹುದು.

ಹಣ್ಣಿಗೂ ಒಂದು ಪಂಚಾಂಗ

ಪ್ರಶ್ನೆ ಕೇಳಬೇಕಾದರೆ ಮೊದಲು ಕಾಲ ತಿಳಿದಿರಬೇಕು. ನಮ್ಮಲ್ಲಿ ದೀಪಾವಳಿಗೆ ಮಾವಿನ ಹಣ್ಣು ತಂದವನನ್ನು ನಾವು ಅನುಮಾನದಿಂದ ನೋಡುವುದಿಲ್ಲವೆ? ಹಾಗೆಯೇ ಇದು.

ಆಸ್ಟಿನ್ ನಗರದಿಂದ ಪಶ್ಚಿಮಕ್ಕೆ 290ನೇ ಹೆದ್ದಾರಿ ಹಿಡಿದು ಹೋದರೆ ಗುಡ್ಡಗಾಡು ಪ್ರದೇಶ ಸಿಗುತ್ತದೆ. ಅಲ್ಲಿನ ಫ್ರೆಡರಿಕ್ಸ್‌ಬರ್ಗ್ ಪಟ್ಟಣವನ್ನು 1846ರಲ್ಲಿ ಜರ್ಮನಿಯಿಂದ ಬಂದ ವಲಸೆಗಾರರು ಸ್ಥಾಪಿಸಿದರು. ಆ ಪಟ್ಟಣ ಮತ್ತು ಸ್ಟೋನ್‌ವಾಲ್ ಎಂಬ ಊರಿನ ಸುತ್ತಮುತ್ತ ಪೀಚ್ ತೋಟಗಳಿವೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಹೆದ್ದಾರಿಯ ಇಕ್ಕೆಲಗಳಲ್ಲೂ ಪೀಚ್ ಮಳಿಗೆಗಳು. ಮೊದಮೊದಲು ಬರುವ ತಳಿಗಳಲ್ಲಿ ತಿರುಳು ಓಟೆಗೆ ಅಂಟಿಕೊಂಡಿರುತ್ತದೆ. ಜೂನ್ ಕಳೆಯುತ್ತ ಬಂದಂತೆ ಓಟೆ ಸಲೀಸಾಗಿ ಬಿಡುವ ತಳಿಗಳು ಬರುತ್ತವೆ. ಹೆಚ್ಚಿಟ್ಟು ಸಂಗ್ರಹಿಸುವವರು ಈ ಎರಡನೆಯದಕ್ಕಾಗಿ ಕಾಯುತ್ತಾರೆ.

ಇಲ್ಲೊಂದು ವಿಜ್ಞಾನದ ಸಂಗತಿ. ಪೀಚ್ ಮರಕ್ಕೆ ಚಳಿ ಬೇಕು. ಚಳಿಗಾಲದಲ್ಲಿ ತಾಪಮಾನ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದ ಗಂಟೆಗಳನ್ನು ಬೆಳೆಗಾರರು ಕೂಡಿಡುತ್ತಾರೆ. ಇದಕ್ಕೆ ಚಳಿಗಂಟೆಗಳ ಲೆಕ್ಕ ಎನ್ನೋಣ. ಆ ಗುಡ್ಡಗಾಡಿನ ಅನೇಕ ತಳಿಗಳಿಗೆ ಇಂಥ ನೂರಾರು ಗಂಟೆಗಳು ಬೇಕು. ಅಷ್ಟು ಚಳಿ ಸಿಕ್ಕದಿದ್ದರೆ ಮೊಗ್ಗುಗಳ ನಿದ್ದೆ ಸರಿಯಾಗಿ ತಿಳಿಯುವುದಿಲ್ಲ; ಹೂವು ಹಿಂದುಮುಂದಾಗಿ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಚಳಿ ಸಾಕಷ್ಟು ಬಿದ್ದು ಮರ ಹೂಬಿಟ್ಟ ಮೇಲೆ ತಡವಾಗಿ ಹಿಮ ಕವಿದರೂ ಬೆಳೆ ಹೋಯಿತು. 2017ರಲ್ಲಿ ಬೆಚ್ಚನೆಯ ಚಳಿಗಾಲದಿಂದಾಗಿ ಅಲ್ಲಿನ ಫಸಲು ಪೆಟ್ಟು ತಿಂದಿತು. ಬೆಳೆ ಹೋದ ವರ್ಷವೂ ಹೆದ್ದಾರಿಯಲ್ಲಿ ಗಿರಾಕಿಗಳು ಬರುತ್ತಲೇ ಇರುತ್ತಾರೆ. ಆಗ ಬೇರೆ ಕಡೆಯಿಂದ ಹಣ್ಣು ತಂದು ಮಾರುವ ಆಸೆ ಹುಟ್ಟುವುದು ಸಹಜ. ತಂದದ್ದನ್ನು ತಂದದ್ದೆಂದೇ ಹೇಳಿ ಮಾರಿದರೆ ತಪ್ಪಿಲ್ಲ. ಆದ್ದರಿಂದ ಕೇಳಿ: “ಈ ಹಣ್ಣು ನಿಮ್ಮ ತೋಟದ್ದೇ? ಯಾವ ತಳಿ? ಯಾವತ್ತು ಕಿತ್ತದ್ದು?” ಬೆಳೆದವನಿಗೆ ಈ ಮೂರು ಪ್ರಶ್ನೆ ಹಬ್ಬ. ಅವನು ಚಳಿಗಾಲದಿಂದ ಶುರುಮಾಡಿ ಕಥೆ ಹೇಳುತ್ತಾನೆ. ಬೆಳೆಯದವನು ಮಾತು ಬದಲಿಸುತ್ತಾನೆ.

ಇನ್ನೂ ಒಂದು ಸಂಗತಿ. ಪೀಚ್, ಟೊಮೆಟೊ ಮುಂತಾದವು ಕಿತ್ತ ಮೇಲೂ ಹಣ್ಣಾಗುತ್ತವೆ. ಅವುಗಳೊಳಗೇ ಹುಟ್ಟುವ ಎಥಿಲೀನ್ ಅನಿಲ ಅದಕ್ಕೆ ಕಾರಣ. ಆದ್ದರಿಂದ ನಾಳಿದ್ದು ತಿನ್ನುವ ಪೀಚ್ ಇಂದು ತುಸು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಸ್ಟ್ರಾಬೆರಿ ಹಾಗಲ್ಲ; ಕಿತ್ತ ಗಳಿಗೆಯಲ್ಲಿ ಇದ್ದಷ್ಟೇ ಸಿಹಿ. ಸ್ಯಾನ್ ಆಂಟೋನಿಯೋ ನಗರದ ದಕ್ಷಿಣಕ್ಕಿರುವ ಪೊಟೀಟ್ ಎಂಬ ಪುಟ್ಟ ಊರು ಸ್ಟ್ರಾಬೆರಿಗೆ ಹೆಸರುವಾಸಿ. ವಸಂತದಲ್ಲಿ ಅಲ್ಲಿ ಸ್ಟ್ರಾಬೆರಿ ಜಾತ್ರೆ. ಬಿಳಿ ಭುಜದ ಸ್ಟ್ರಾಬೆರಿಯನ್ನು ಎಷ್ಟು ದಿನ ಮನೆಯಲ್ಲಿಟ್ಟರೂ ಅದು ಸಿಹಿಯಾಗದು.

ಕಲ್ಲಂಗಡಿಗೆ ಲೂಲಿಂಗ್ ಎಂಬ ಊರು. 1954ರಿಂದ ಅಲ್ಲಿ ಜೂನ್ ಕೊನೆಯ ಹೊತ್ತಿಗೆ ಕಲ್ಲಂಗಡಿ ಉತ್ಸವ ನಡೆಯುತ್ತಿದೆ. ಊರಿನ ನೀರಿನ ಟ್ಯಾಂಕಿಗೂ ಕಲ್ಲಂಗಡಿಯ ಬಣ್ಣ ಬಳಿದಿದ್ದಾರೆ! ಬಾಯಿಂದ ಬೀಜ ಉಗುಳುವ ಸ್ಪರ್ಧೆಯೂ ಉಂಟು. 1989ರಲ್ಲಿ ಒಬ್ಬಾತ ಉಗುಳಿದ ಬೀಜ ಸುಮಾರು 21 ಮೀಟರ್ ದೂರ ಬಿತ್ತು. ಉತ್ಸವದ ಇಂಗ್ಲಿಷ್ ಹೆಸರಿನಲ್ಲಿರುವ ‘ಥಂಪ್’ ಎಂಬ ಪದ, ಹಣ್ಣನ್ನು ತಟ್ಟಿದಾಗ ಬರುವ ದಪ್ಪ ಸದ್ದಿಗೆ ಸೇರಿದ್ದು. ತಟ್ಟುವುದರ ಜೊತೆಗೆ ಹಣ್ಣನ್ನು ಹೊರಳಿಸಿ ನೋಡಿ. ನೆಲಕ್ಕೆ ತಾಗಿದ್ದ ಜಾಗ ಬೆಳ್ಳಗಿದ್ದರೆ ಇನ್ನೂ ಎಳೆಯದು. ಬೆಣ್ಣೆಯ ಹಳದಿಗೆ ತಿರುಗಿದ್ದರೆ ಬಲಿತದ್ದು.

ಏಪ್ರಿಲ್, ಮೇ ತಿಂಗಳಲ್ಲಿ ‘1015’ ಎಂಬ ಹೆಸರಿನ ಸಿಹಿ ಈರುಳ್ಳಿ ಬರುತ್ತದೆ. ಹೆಸರೇ ಒಂದು ಒಗಟು. ಅಮೆರಿಕನ್ನರು ತಿಂಗಳನ್ನು ಮೊದಲು, ದಿನಾಂಕವನ್ನು ಆಮೇಲೆ ಬರೆಯುತ್ತಾರೆ. 10ನೇ ತಿಂಗಳ 15ನೇ ತಾರೀಖು, ಅಂದರೆ ಅಕ್ಟೋಬರ್ 15, ಇದನ್ನು ಬಿತ್ತಲು ತಕ್ಕ ದಿನ; ಅದೇ ಹೆಸರಾಯಿತು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಲಿಯೊನಾರ್ಡ್ ಪೈಕ್ ಎಂಬ ವಿಜ್ಞಾನಿ ಬೆಳೆಸಿದ ತಳಿಯಿದು. ಗಂಧಕದ ಸಂಯುಕ್ತಗಳು ಕಡಿಮೆಯಾದ್ದರಿಂದ ಘಾಟು ಕಡಿಮೆ, ಕಣ್ಣೀರೂ ಕಡಿಮೆ. ಆದರೆ ನೀರಿನಂಶ ಹೆಚ್ಚು. ಬಹುಕಾಲ ಕೆಡದೆ ಉಳಿಯದು.

ನವೆಂಬರಿನಿಂದ ವಸಂತದವರೆಗೆ ದಕ್ಷಿಣದ ರಿಯೊ ಗ್ರಾಂಡೆ ಕಣಿವೆಯ ಕೆಂಪು ದ್ರಾಕ್ಷಿಕಿತ್ತಳೆ, ಅಂದರೆ ಗ್ರೇಪ್‌ಫ್ರೂಟ್. 1929ರಲ್ಲಿ ಒಂದು ಮರದ ಕೊಂಬೆಯಲ್ಲಿ ತಾನಾಗಿಯೇ ಕೆಂಪು ಹಣ್ಣು ಕಾಣಿಸಿಕೊಂಡಿತು. 1934ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇಂದು ಹೆಚ್ಚಾಗಿ ಬೆಳೆಯುವ ‘ರಿಯೊ ರೆಡ್’ ತಳಿಯನ್ನು ವಿಕಿರಣದ ಪ್ರಯೋಗದಿಂದ ಪಡೆದು 1984ರಲ್ಲಿ ಬಿಡುಗಡೆ ಮಾಡಿದರು. ‘ಪ್ರಕೃತಿದತ್ತ’ ಎಂದು ಫಲಕ ಹಾಕಿ ಮಾರುವ ಹಣ್ಣಿನ ಹಿಂದೆಯೂ ಪ್ರಯೋಗಾಲಯದ ಕಥೆಯಿರಬಹುದು ಎಂಬುದನ್ನು ಮರೆಯಬೇಡಿ.

ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಪೆಕಾನ್ ಬೀಜ. ನದಿದಂಡೆಗಳಲ್ಲಿ ತಾನಾಗಿ ಬೆಳೆಯುವ ಈ ಮರವನ್ನು 1919ರಲ್ಲೇ ರಾಜ್ಯದ ಮರವೆಂದು ಸಾರಿದ್ದಾರೆ. ಪೆಕಾನ್ ತಿರುಳಿನ ತೂಕದಲ್ಲಿ ಸುಮಾರು ನೂರಕ್ಕೆ 70 ಪಾಲು ಎಣ್ಣೆ. ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕಮಟು ಹಿಡಿಯುತ್ತದೆ. ಒಂದು ಬೀಜ ಒಡೆದು ನೋಡಿ: ತಿರುಳು ತಿಳಿಬಣ್ಣವಾಗಿದ್ದರೆ ಹೊಸದು, ಗಾಢ ಕಂದಾಗಿದ್ದರೆ ಹಳೆಯದು. ಚಿಪ್ಪಿನೊಡನೆ ಕೊಂಡದ್ದು ಹೆಚ್ಚು ದಿನ ಬಾಳುತ್ತದೆ.

ಅಳತೆಯ ಬಗ್ಗೆ ಎರಡು ಮಾತು. ಅಲ್ಲಿ ತೂಕವೆಂದರೆ ಪೌಂಡ್. ಒಂದು ಪೌಂಡ್ ಎಂದರೆ 453.6 ಗ್ರಾಂ. ಹಣ್ಣನ್ನು ಬುಶೆಲ್, ಪೆಕ್ ಲೆಕ್ಕದಲ್ಲೂ ಮಾರುತ್ತಾರೆ. ನಮ್ಮ ಹಿರಿಯರ ಸೇರು, ಕೊಳಗಗಳಂತೆ ಇವು ಗಾತ್ರದ ಅಳತೆಗಳು. ಬುಶೆಲ್ ಎಂದರೆ ಸುಮಾರು 35 ಲೀಟರ್. ಅದರ ನಾಲ್ಕನೇ ಒಂದು ಪಾಲು ಪೆಕ್. ಎರಡು ಮಳಿಗೆಗಳ ಬೆಲೆ ಹೋಲಿಸುವಾಗ ಒಂದೇ ಅಳತೆಗೆ ತಂದುಕೊಳ್ಳಿ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಚೀಟಿ ಓದುವ ಅಭ್ಯಾಸ

ಹಳ್ಳಿಯ ಮಳಿಗೆಗಳಲ್ಲಿ ಜಾಮ್, ಉಪ್ಪಿನಕಾಯಿ, ರೊಟ್ಟಿ, ಕೇಕುಗಳೂ ಇರುತ್ತವೆ. ಮನೆಯ ಅಡುಗೆಮನೆಯಲ್ಲಿ ತಯಾರಿಸಿದ ಆಹಾರವನ್ನು ಮಾರಲು ಟೆಕ್ಸಾಸ್ 2011ರಲ್ಲಿ ಕಾನೂನು ಮಾಡಿ ಅವಕಾಶ ಕೊಟ್ಟಿತು. ಆಮೇಲೆ ಅದನ್ನು ಹಲವು ಸಲ ವಿಸ್ತರಿಸಿದರು. 2025ರ ಸೆಪ್ಟೆಂಬರ್ 1ರಿಂದ ಹೀಗೆ ಮಾರುವವರ ವಾರ್ಷಿಕ ಮಾರಾಟದ ಮಿತಿಯನ್ನು 1,50,000 ಡಾಲರಿಗೆ ಏರಿಸಲಾಗಿದೆ. ಈ ಕಾನೂನಿನಲ್ಲಿ ನನಗೆ ಮೆಚ್ಚುಗೆಯಾದ ಅಂಶವೆಂದರೆ ಅದರ ನೇರ ನುಡಿ. ಇದು ಮನೆಯಲ್ಲಿ ಮಾಡಿದ್ದು, ಸರಕಾರದ ತಪಾಸಣೆಗೆ ಒಳಪಟ್ಟದ್ದಲ್ಲ ಎಂಬ ಅರ್ಥದ ಸಾಲು ಚೀಟಿಯ ಮೇಲೆ ಇರಲೇಬೇಕು. ಅಂದರೆ ತೀರ್ಮಾನ ನಿಮ್ಮದು. ಅಂಥ ಚೀಟಿಯೇ ಇಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ.

‘ಸಾವಯವ’ ಎಂಬ ಪದವೂ ಅಲ್ಲಿ ಬಾಯಿಗೆ ಬಂದಂತೆ ಬಳಸುವ ಮಾತಲ್ಲ. 2002ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ನಿಯಮದಂತೆ ಅದಕ್ಕೆ ಪ್ರಮಾಣಪತ್ರ ಬೇಕು. ವರ್ಷಕ್ಕೆ 5,000 ಡಾಲರಿಗಿಂತ ಹೆಚ್ಚು ಸಾವಯವ ಮಾರಾಟವಿಲ್ಲದ ಸಣ್ಣ ರೈತರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅವರೂ ನಿಯಮಗಳನ್ನು ಪಾಲಿಸಬೇಕು. ಆದರೆ ಕೃಷಿ ಇಲಾಖೆಯ ಮುದ್ರೆಯನ್ನು ಬಳಸುವಂತಿಲ್ಲ. ಆದ್ದರಿಂದ ಮುದ್ರೆ ಇಲ್ಲದ ಸಣ್ಣ ರೈತನನ್ನು ಸುಳ್ಳುಗಾರನೆನ್ನಬೇಡಿ. ಮುದ್ರೆ ಇಲ್ಲದ ದೊಡ್ಡ ಮಳಿಗೆಯನ್ನು ಕಣ್ಣುಮುಚ್ಚಿ ನಂಬಬೇಡಿ.

‘ಗೋ ಟೆಕ್ಸನ್’ ಎಂಬ ಇನ್ನೊಂದು ಗುರುತು ರಾಜ್ಯದ ಕೃಷಿ ಇಲಾಖೆಯದು, 1999ರಲ್ಲಿ ಆರಂಭವಾಯಿತು. ಟೆಕ್ಸಾಸಿನಲ್ಲಿ ಬೆಳೆದದ್ದಕ್ಕೂ ಅಲ್ಲಿ ಸಂಸ್ಕರಿಸಿದ್ದಕ್ಕೂ ಈ ಗುರುತು ಸಿಗುತ್ತದೆ. ಹಾಗಾಗಿ ಅದನ್ನು ನೋಡಿದಾಕ್ಷಣ ಒಳಗಿನ ಎಲ್ಲವೂ ಆ ಮಣ್ಣಿನದೇ ಎಂದು ತಿಳಿಯಬಾರದು.

ತೆರಿಗೆಯಲ್ಲೂ ಒಂದು ಪಾಠವಿದೆ. ರಾಜ್ಯದ ಮಾರಾಟ ತೆರಿಗೆ ನೂರಕ್ಕೆ 6.25, ಸ್ಥಳೀಯ ತೆರಿಗೆ ಸೇರಿ ಹೆಚ್ಚೆಂದರೆ 8.25. ಹಣ್ಣು, ತರಕಾರಿ, ಮೊಟ್ಟೆ, ಜೇನಿಗೆ ಇದು ಇಲ್ಲ. ಬುಟ್ಟಿ, ಮಡಕೆ, ಕೌದಿಗೆ ಉಂಟು. ಫಲಕದ ಮೇಲೆ ಬರೆದ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಕೊಡುವಾಗ ಹೆಚ್ಚು ಕೇಳಿದರೆಂದು ಜಗಳ ತೆಗೆಯಬೇಡಿ.

ಜೇನಿನ ಬಗ್ಗೆ ನಮ್ಮಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ತಳದಲ್ಲಿ ಹರಳುಗಟ್ಟಿದ ಜೇನು ಸಕ್ಕರೆ ಬೆರೆಸಿದ್ದೆಂದು ಅನೇಕರು ಬಿಸಾಡುತ್ತಾರೆ. ಶುದ್ಧ ಜೇನಿನಲ್ಲಿರುವ ಗ್ಲೂಕೋಸ್ ತಾನಾಗಿಯೇ ಹರಳಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಮತ್ತೆ ಕರಗುತ್ತದೆ. ಹಾಗೆಯೇ, ‘ಕ್ಷಾರವಿಲ್ಲದ ಮನೆ ಸಾಬೂನು’ ಎಂದು ಯಾರಾದರೂ ಹೇಳಿದರೆ ನಿಮ್ಮ ರಸಾಯನಶಾಸ್ತ್ರ ನೆನಪಿಸಿಕೊಳ್ಳಿ. ಕೊಬ್ಬು ಅಥವಾ ಎಣ್ಣೆಗೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿದಾಗಲೇ ಗಟ್ಟಿ ಸಾಬೂನು ಹುಟ್ಟುವುದು. ಸರಿಯಾದ ಪ್ರಮಾಣದಲ್ಲಿ ಮಾಡಿದ್ದರೆ ಕ್ಷಾರವೆಲ್ಲ ಕ್ರಿಯೆಯಲ್ಲಿ ಮುಗಿದುಹೋಗಿರುತ್ತದೆ. ಕ್ಷಾರವನ್ನೇ ಹಾಕದೆ ಮಾತ್ರ ಸಾಬೂನು ಆಗದು.

‘ಕೈಯಿಂದ ಮಾಡಿದ್ದು’ ಎಂದರೇನು?

ಈಗ ಮುಖ್ಯವಾದ ಮಾತಿಗೆ ಬರೋಣ. ಡಲ್ಲಾಸ್ ನಗರದ ಪೂರ್ವಕ್ಕೆ ಕ್ಯಾಂಟನ್ ಎಂಬ ಊರಿದೆ. 1850ರ ದಶಕದಲ್ಲಿ ತಿಂಗಳ ಮೊದಲ ಸೋಮವಾರ ಅಲ್ಲಿ ನ್ಯಾಯಾಧೀಶರು ಕಲಾಪ ನಡೆಸುತ್ತಿದ್ದರು. ಕೋರ್ಟಿಗೆಂದು ಬಂದ ಜನ ಕುದುರೆ, ನಾಯಿ, ಕಾಳುಕಡ್ಡಿ ಕೊಡು-ಕೊಳ್ಳುವುದನ್ನೂ ಮಾಡಿದರು. ಹೀಗೆ ಹುಟ್ಟಿದ ಸಂತೆ ‘ಮೊದಲ ಸೋಮವಾರ’ ಎಂಬ ಹೆಸರಿನಲ್ಲೇ ಇಂದೂ ನಡೆಯುತ್ತಿದೆ. ಆದರೆ ಈಗ ಅದು ಸೇರುವುದು ಆ ಸೋಮವಾರಕ್ಕೆ ಮುಂಚಿನ ಗುರುವಾರದಿಂದ ಭಾನುವಾರದವರೆಗೆ! ಇಂಥ ದೊಡ್ಡ ಸಂತೆಯಲ್ಲಿ ತಾನೇ ಮಾಡಿ ಮಾರುವವನ ಪಕ್ಕದಲ್ಲೇ, ಹಡಗಿನಲ್ಲಿ ಬಂದ ಕಾರ್ಖಾನೆ ಸರಕನ್ನು ಮಾರುವವನೂ ಇರುತ್ತಾನೆ. ಇಬ್ಬರ ಮಳಿಗೆಯಲ್ಲೂ ಒಂದೇ ಬಗೆಯ ಹಳೆ ಹಲಗೆ, ಒಂದೇ ಬಗೆಯ ಗೋಣಿಚೀಲದ ಅಲಂಕಾರ. ಕ್ಯಾಮೆರಾಕ್ಕೆ ಎರಡೂ ಒಂದೇ. ಕೊಳ್ಳುವವನು ಕ್ಯಾಮೆರಾಕ್ಕಿಂತ ಜಾಣನಾಗಬೇಕು.

ಒಂದು ಲೆಕ್ಕ ಮಾಡೋಣ. ಟೆಕ್ಸಾಸಿನಲ್ಲಿ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ಪೂರ್ತಿಯಾಗಿ ಕೈಯಲ್ಲೇ ಹೊಲಿದ ಹಾಸಿಗೆಯಗಲದ ಕೌದಿಗೆ 200 ಗಂಟೆ ಹಿಡಿಯಿತೆಂದು ಇಟ್ಟುಕೊಳ್ಳಿ. ಆ ಕನಿಷ್ಠ ಕೂಲಿಯಲ್ಲೇ 1,450 ಡಾಲರ್ ಆಯಿತು. ಬಟ್ಟೆ, ಹತ್ತಿ, ದಾರದ ಖರ್ಚು ಬೇರೆ. ಅಂಥದ್ದೇ ಕಾಣುವ ಕೌದಿಯೊಂದು ಪಕ್ಕದಲ್ಲಿ 80 ಡಾಲರಿಗೆ ತೂಗುತ್ತಿದ್ದರೆ ಏನರ್ಥ? ಒಂದೋ ಅದು ಯಂತ್ರದ್ದು. ಇಲ್ಲವೇ ಎಲ್ಲೋ ಒಂದು ಕಡೆ, ಯಾರದೋ ಕೈಗೆ ಸಲ್ಲಬೇಕಾದ ಕೂಲಿ ಸಂದಿಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಗಂಟೆಗಳ ಲೆಕ್ಕ ಅವರೇ ಹೇಳುತ್ತಾರೆ.

“ಇದು ಕೈಯಿಂದ ಮಾಡಿದ್ದೇ?” ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. “ಇದರಲ್ಲಿ ಯಾವ ಕೆಲಸ ನಿಮ್ಮ ಕೈಯದು, ಯಾವುದು ಯಂತ್ರದ್ದು?” ಎಂದು ಕೇಳಿ. ತುಂಡು ಜೋಡಿಸಿದ್ದು ಕೈಯಲ್ಲಿ, ಪದರ ಹೊಲಿದದ್ದು ಯಂತ್ರದಲ್ಲಿ ಎಂದು ಪ್ರಾಮಾಣಿಕರು ಬಿಡಿಸಿ ಹೇಳುತ್ತಾರೆ. ಯಂತ್ರ ಬಳಸುವುದು ಪಾಪವಲ್ಲ. ಮುಚ್ಚಿಡುವುದು ಮಾತ್ರ ತಪ್ಪು. ಆಭರಣದ ವಿಷಯದಲ್ಲಿ ಅಮೆರಿಕದ ವಾಣಿಜ್ಯ ಆಯೋಗದ ಮಾರ್ಗಸೂಚಿಯೇ ಇದೆ: ಕಚ್ಚಾ ವಸ್ತುವಿನಿಂದ ಹಿಡಿದು ಆಕಾರ, ಅಲಂಕಾರದವರೆಗೆ ಎಲ್ಲವೂ ಕೈಯ ದುಡಿಮೆಯಿಂದ ಆಗಿದ್ದರಷ್ಟೇ ‘ಕೈಯಿಂದ ಮಾಡಿದ್ದು’ ಎನ್ನಬೇಕು. ಹೊರದೇಶದಿಂದ ಬಂದ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂಬುದೂ ಅಲ್ಲಿನ ಕಾನೂನು. ಬುಟ್ಟಿಯ ತಳ, ಬಟ್ಟೆಯ ಅಂಚು, ಮಡಕೆಯ ಅಡಿ ನೋಡುವುದನ್ನು ರೂಢಿಸಿಕೊಳ್ಳಿ.

ಪೂರ್ವ ಟೆಕ್ಸಾಸಿನ ಲಿವಿಂಗ್‌ಸ್ಟನ್ ಬಳಿ ಅಲಬಾಮಾ-ಕೌಶಾಟ ಬುಡಕಟ್ಟಿನ ನೆಲವಿದೆ. 1854ರಲ್ಲಿ ಅವರಿಗೆ ನೀಡಿದ್ದು. ಅಲ್ಲಿನ ಉದ್ದೆಲೆಯ ಪೈನ್ ಮರದ ಸೂಜಿಯೆಲೆಗಳು ಒಂದು ಗೇಣಿನಿಂದ ಎರಡು ಗೇಣಿನವರೆಗೂ ಬೆಳೆಯುತ್ತವೆ. ಅವನ್ನು ಸುರುಳಿ ಸುತ್ತಿ, ಹೊಲಿದು ಬುಟ್ಟಿ ಮಾಡುವುದು ಅವರ ಪಾರಂಪರಿಕ ಕಲೆ. ಬುಡಕಟ್ಟಿನವರು ಮಾಡದ ವಸ್ತುವನ್ನು ಅವರದೆಂದು ಹೇಳಿ ಮಾರುವುದು 1990ರ ಕಾನೂನಿನಂತೆ ಅಪರಾಧ. ಮೊದಲ ಸಲಕ್ಕೇ 2,50,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಸೆರೆ ವಿಧಿಸಬಹುದು. ಇಷ್ಟು ಕಠಿಣ ಶಿಕ್ಷೆ ಏಕೆ? ನಕಲಿ ಬುಟ್ಟಿ ಕದಿಯುವುದು ಬರೀ ದುಡ್ಡನ್ನಲ್ಲ. ಒಂದು ಜನಾಂಗದ ಹೆಸರನ್ನು.

ಒಂದು ಮುದ್ರೆಯ ಕಥೆ

ಹೆಸರಿನ ಬೆಲೆ ಎಷ್ಟೆಂಬುದಕ್ಕೆ ಟೆಕ್ಸಾಸಿನ ಚರಿತ್ರೆಯಲ್ಲೇ ಒಂದು ಉದಾಹರಣೆಯಿದೆ. 1857ರಲ್ಲಿ ಸೆಗೀನ್ ಪಟ್ಟಣದ ಸಮೀಪ ಜಾನ್ ವಿಲ್ಸನ್ ಎಂಬಾತ ಕುಂಬಾರಿಕೆಯ ಕಾರ್ಯಾಗಾರ ತೆರೆದ. ಅಲ್ಲಿ ದುಡಿದವರು ಅವನ ಗುಲಾಮರು. 1865ರ ಜೂನ್ 19ರಂದು ಟೆಕ್ಸಾಸಿನಲ್ಲಿ ಗುಲಾಮರ ಬಿಡುಗಡೆಯ ಘೋಷಣೆಯಾಯಿತು. 1869ರಲ್ಲಿ ಹೈರಮ್, ಜೇಮ್ಸ್, ವ್ಯಾಲೆಸ್ ವಿಲ್ಸನ್ ಎಂಬ ಮೂವರು ಬಿಡುಗಡೆಗೊಂಡ ಕುಂಬಾರರು ತಮ್ಮದೇ ಸಂಸ್ಥೆ ಕಟ್ಟಿದರು. ಆ ರಾಜ್ಯದಲ್ಲಿ ಕಪ್ಪು ಜನರ ಒಡೆತನದ ಮೊಟ್ಟಮೊದಲ ಉದ್ಯಮಗಳಲ್ಲಿ ಇದೂ ಒಂದು. ಮಾಂಸ, ಉಪ್ಪಿನಕಾಯಿ ಇಡುವ ಗಟ್ಟಿಮುಟ್ಟಾದ ಭರಣಿಗಳನ್ನು ಮಾಡಿ ಅದರ ಮೇಲೆ ‘ಎಚ್. ವಿಲ್ಸನ್ ಅಂಡ್ ಕಂಪೆನಿ’ ಎಂದು ಮುದ್ರೆ ಒತ್ತಿದರು.

ಅವರು ಬಳಸಿದ್ದು ಉಪ್ಪಿನ ಮೆರುಗು. ಆವಿಗೆಯ ಕಾವು ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಳಗೆ ಉಪ್ಪು ಎರಚುತ್ತಾರೆ. ಉಪ್ಪು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಸಿಲಿಕದೊಡನೆ ಸೇರಿ ಗಾಜಿನ ತೆಳು ಪದರವಾಗುತ್ತದೆ. ಕಿತ್ತಳೆ ಸಿಪ್ಪೆಯಂಥ ನವಿರು ಗುಳಿಗಳ ಮೇಲ್ಮೈ ಈ ವಿಧಾನದ ಗುರುತು. ರಸಾಯನಕ್ರಿಯೆಯೇನೋ ಎಲ್ಲರ ಆವಿಗೆಯಲ್ಲೂ ಒಂದೇ. ಆದರೆ ಆ ಮುದ್ರೆಯನ್ನು ಯೋಚಿಸಿ ನೋಡಿ. ನಿನ್ನೆಯವರೆಗೆ ತಮ್ಮ ಮೈಮೇಲೆಯೇ ಒಡೆತನವಿಲ್ಲದಿದ್ದವರು ಇಂದು ತಾವು ಮಾಡಿದ ಭರಣಿಯ ಮೇಲೆ ತಮ್ಮ ಹೆಸರು ಒತ್ತುತ್ತಿದ್ದಾರೆ. 1884ರಲ್ಲಿ ಹೈರಮ್ ತೀರಿಕೊಂಡ ಬಳಿಕ ಆ ಕಾರ್ಯಾಗಾರ ನಿಂತಿತು. ಅಂದು ಅಡುಗೆಮನೆಯ ಮೂಲೆಯಲ್ಲಿದ್ದ ಭರಣಿಗಳು ಇಂದು ವಸ್ತುಸಂಗ್ರಹಾಲಯದಲ್ಲಿವೆ. ಆದ್ದರಿಂದ ಕೈಕಸುಬಿನ ವಸ್ತು ಕೊಂಡಾಗ ಮಾಡಿದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಬೆಲೆ ತೆತ್ತರೆ ವಸ್ತುವಿನ ಸಾಲ ತೀರುತ್ತದೆ. ಹೆಸರು ನೆನೆದರೆ ಕೈಯ ಋಣ ತೀರುತ್ತದೆ.

ಕೆಲವು ನಡತೆಯ ಮಾತು

ಟೆಕ್ಸಾಸಿನ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಖಾಸಗಿ. ತೋಟ ಚೆನ್ನಾಗಿದೆಯೆಂದು ಬೇಲಿ ದಾಟಬೇಡಿ. ಮರ ಅಥವಾ ಕಂಬದ ಮೇಲೆ ನೇರಳೆ ಬಣ್ಣದ ಉದ್ದ ಗೆರೆ ಕಂಡರೆ ಅದು ಅಲಂಕಾರವಲ್ಲ; 1997ರ ಕಾನೂನಿನಂತೆ ‘ಒಳಗೆ ಬರಕೂಡದು’ ಎಂಬ ಎಚ್ಚರಿಕೆ. ಓದು ಬಾರದವರಿಗೂ ತಿಳಿಯುವ ಫಲಕವಿದು. ಆದರೆ ಬಣ್ಣದ ಅರ್ಥ ಮೊದಲೇ ಗೊತ್ತಿರಬೇಕು.

ಚೌಕಾಶಿ ಮಾಡಬಹುದೆ? ಹಳೆ ಸಾಮಾನಿನ ಮಳಿಗೆಗಳಲ್ಲಿ ಅದು ವಾಡಿಕೆ. ತಾನೇ ಮಾಡಿದವನ ಎದುರು, ತಾನೇ ಬೆಳೆದವನ ಎದುರು ಅರ್ಧಕ್ಕೆ ಕೇಳುವುದು ಅವನ ಗಂಟೆಗಳನ್ನು ಅರ್ಧ ಮಾಡಿದಂತೆ. ಸಂಜೆಯಾಗುತ್ತ ಬಂದಾಗ ಉಳಿದ ಹಣ್ಣಿಗೆ, ಅಥವಾ ಹೆಚ್ಚು ಕೊಳ್ಳುವಾಗ, ವಿನಯದಿಂದ ಕೇಳಿದರೆ ತಪ್ಪಿಲ್ಲ. ಫೋಟೋ ತೆಗೆಯುವ ಮುನ್ನ ಅನುಮತಿ ಕೇಳಿ. ಇದು ನನ್ನ ಉದ್ಯೋಗ ಕಲಿಸಿದ ಪಾಠ: ವಿನ್ಯಾಸವೇ ಕುಶಲಕರ್ಮಿಯ ಆಸ್ತಿ, ಚಿತ್ರ ತೆಗೆದುಕೊಂಡು ಹೋಗಿ ಬೇರೆಡೆ ನಕಲು ಮಾಡಿಸುವವರೂ ಇದ್ದಾರೆ.

ಊರಿಗೆ ಮರಳುವಾಗ ತಾಜಾ ಹಣ್ಣು, ಬಿತ್ತನೆ ಬೀಜ, ಗಿಡಗಳನ್ನು ಪೆಟ್ಟಿಗೆಯಲ್ಲಿ ತುಂಬಿ ತರಬೇಡಿ. ರೋಗ, ಕೀಟಗಳು ಜೊತೆಗೆ ಬಾರದಿರಲೆಂದು ಭಾರತದಲ್ಲಿ ಸಸ್ಯ ಸಂಗರೋಧ ನಿಯಮಗಳಿವೆ. ಬುಟ್ಟಿ, ಭರಣಿ, ಕೌದಿ ತನ್ನಿ. ಪೀಚ್ ಹಣ್ಣನ್ನು ಅಲ್ಲೇ ತಿಂದು ಬನ್ನಿ.

ನೀವೇ ಮಾಡಿ ನೋಡಿ

ಟೆಕ್ಸಾಸ್ ದೂರ ಎನ್ನುತ್ತೀರಾ? ನಿಮ್ಮ ಊರಿನ ಮುಂದಿನ ಸಂತೆ ಹತ್ತಿರವಿದೆ. ಒಂದು ನೋಟ್‌ಬುಕ್ ಹಿಡಿದು ಹೋಗಿ. ಐದು ಮಳಿಗೆಗಳನ್ನು ಆರಿಸಿ. ಪ್ರತಿಯೊಂದರಲ್ಲೂ ನಾಲ್ಕು ಪ್ರಶ್ನೆ ಕೇಳಿ: ಇದು ನೀವು ಬೆಳೆದದ್ದೇ ಅಥವಾ ಮಾಡಿದ್ದೇ? ಎಲ್ಲಿಂದ ಬಂತು? ಎಷ್ಟು ಗಂಟೆಯ ಕೆಲಸ? ಇಂದು ಖರ್ಚು ಕಳೆದು ಎಷ್ಟು ಉಳಿಯಿತು? ಉತ್ತರಗಳನ್ನು ಕೋಷ್ಟಕದಲ್ಲಿ ಬರೆಯಿರಿ. ಗಂಟೆಗೆ ಎಷ್ಟು ಕೂಲಿ ಬಿತ್ತೆಂದು ಭಾಗಿಸಿ ನೋಡಿ. ಚನ್ನಪಟ್ಟಣದ ಗೊಂಬೆಗೆ ನಮ್ಮ ದೇಶ ಭೌಗೋಳಿಕ ಗುರುತು ಕೊಟ್ಟಿದೆ. ರಸ್ತೆಬದಿಯಲ್ಲಿ ಆ ಹೆಸರಿನಿಂದ ಮಾರುವ ಗೊಂಬೆಗಳಲ್ಲಿ ಅರಗಿನ ಬಣ್ಣದ ಮರದವು ಎಷ್ಟು, ಪ್ಲಾಸ್ಟಿಕ್ಕಿನವು ಎಷ್ಟು ಎಂದು ಎಣಿಸಿ. ಬಂದ ಸಂಖ್ಯೆಗಳು ನಿಮ್ಮ ತರಗತಿಯಲ್ಲಿ ಒಂದು ಗಂಟೆಯ ಚರ್ಚೆಗೆ ಸಾಕು.

ಪೇಟೆಯಲ್ಲಿ ಹಣ ಕೊಡುವ ಪ್ರತಿ ಸಲವೂ ನಾವು ಒಂದು ಮತ ಹಾಕುತ್ತೇವೆ. ಯಾವ ಕೈ ಮುಂದಿನ ವರ್ಷವೂ ಈ ಕೆಲಸ ಮಾಡಬೇಕು, ಯಾವುದು ಬಿಡಬೇಕು ಎಂದು ಆ ಮತ ಹೇಳುತ್ತದೆ. ತಿಳಿದು ಹಾಕಿ.